ಎಳೇ ಕೂಸುಗಳ ವೈದ್ಯರಾದ ಪಿಯೆರ್ ಬುದಾಂ

ದಿನ ತುಂಬುವದಕ್ಕೆ ಮುಂಚೆ ಹುಟ್ಟಿದ ಕೂಸು ಬದುಕಲಾರದೆಂದು ಹಿಂದಿನವರು ಕೈಚೆಲ್ಲಿ ಕೂತುಕೊಳ್ಳುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ಮಾತ್ರವಲ್ಲ, ಪಾರೀಸಿನಂಥ ಮಹಾ ಪಟ್ಟಣದಲ್ಲಿಯೂ ಹಾಗೆಯೇ ಇತ್ತು. ಆ ನಿರಾಶೆಯನ್ನು ತೊಲಗಿಸಲು ಪ್ರಯಾಸಪಟ್ಟವರಲ್ಲಿ ಒಬ್ಬರಾದ ಪಿಯೆರ್ ಬುದಾಂ ಎಂಬ ವೈದ್ಯರ ಚರಿತ್ರೆಯನ್ನು ನಾವು ಈ ಸಾರಿ ಸಂಕ್ಷೇಪವಾಗಿ ಹೇಳುವೆವು.

ಇವರು 1846ರಲ್ಲಿ ಫ್ರಾನ್ಸ್ ದೇಶದ ಒಂದು ಸಣ್ಣ ಹಳ್ಳಿಯಲ್ಲಿ ಹುಟ್ಟಿದರು. ಪಾರೀಸಿನಲ್ಲಿ ವೈದ್ಯವಿದ್ಯೆಯನ್ನು ಕಲಿತು, ತಾರ್ನಿಯೇ ಎಂಬ ಪ್ರಸಿದ್ಧ ವೈದ್ಯರ ಶಿಷ್ಯರಾದರು. ಕೋಳಿಮೊಟ್ಟೆಗಳಿಗೆ ಕಾವು ಕೊಡುವ ಪೆಟ್ಟಿಗೆಯನ್ನು ಕಂಡಿದ್ದ ಆ ಗುರುಗಳು, ಕೂಸುಗಳಿಗೂ ಅಂಥದೊಂದನ್ನು ಮಾಡಿಸಿ, 1880ರ ಸುಮಾರಿಗೆ ಅಲ್ಲಿಯ ಹೆರಿಗೆ ಆಸ್ಪತ್ರೆಯಲ್ಲಿ ಇಡಿಸಿದ್ದರು. ಮುಂದೆ ಬಳಕೆಗೆ ಬಂದ ಸರಳವಾದ ಪೆಟ್ಟಿಗೆಯಲ್ಲಿ ಬಿಸಿನೀರಿನ ಪಾತ್ರೆಗಳು ಕೆಳಗಿದ್ದವು. ಗಾಳಿಯು ಅವುಗಳನ್ನು ಹಾದು ಬೆಚ್ಚಗಾಗಿ, ಮೇಲೆ ಮಲಗಿದ ಕೂಸನ್ನು ಸೇರುತ್ತಿತ್ತು. ನೀರು ಆರಿದಂತೆಲ್ಲಾ ದಾದಿಯರು ಹಗಲಿರುಳು ಅದನ್ನು ಬದಲಾಯಿಸಬೇಕಾಗಿತ್ತು. 2000 ಗ್ರಾಮಿಗಿಂತ ಕಡಿಮೆ ತೂಕದ ಕೂಸುಗಳಲ್ಲಿ ನೂರಕ್ಕೆ 66 ಸಾಯುತ್ತಿದ್ದದ್ದು 38ಕ್ಕೆ ಇಳಿಯಿತು.

1893ರಲ್ಲಿ ಅದೇ ಆಸ್ಪತ್ರೆಯ ಮುಖ್ಯ ಸೂಲಗಿತ್ತಿಯಾದ ಆನ್ರಿ ಎಂಬ ಸ್ತ್ರೀಯ ಪ್ರಯತ್ನದಿಂದ ಬಲಹೀನ ಕೂಸುಗಳಿಗೆ ಪ್ರತ್ಯೇಕ ಮನೆಯು ಉಂಟಾಯಿತು. 1895ರಲ್ಲಿ ಬುದಾಂ ಅವರು ಅದರ ಭಾರವನ್ನು ವಹಿಸಿಕೊಂಡರು. ಊರೊಳಗಿಂದ ತಂದ ಅನೇಕ ಕೂಸುಗಳು ಬರುವಷ್ಟರಲ್ಲಿಯೇ ತಣ್ಣಗಾಗಿ ಹೋಗಿರುವದನ್ನು ಅವರು ಕಂಡರು. ಕಾವು, ಆಹಾರ, ರೋಗ ಈ ಮೂರನ್ನು ಕುರಿತು ಎಚ್ಚರವಾಗಿರಬೇಕೆಂದು ಬೋಧಿಸಿದರು. ಚೀಪಲಾರದ ಕೂಸಿಗೆ ದಾದಿಯರು ಚಮಚದಿಂದಾಗಲಿ ಸಣ್ಣ ಕೊಳವೆಯಿಂದಾಗಲಿ ಮೊಲೆಹಾಲು ಕೊಡುತ್ತಿದ್ದರು. ಹಾಲು ಕಡಿಮೆಯಾದರೆ ಮೈ ನೀಲಿಗಟ್ಟುವದು, ಹೆಚ್ಚಾದರೆ ಹೊಟ್ಟೆ ಕೆಡುವದು. ಆದದರಿಂದ ದಿನಾಲು ತೂಗಿ ನೋಡುವದು ಅಗತ್ಯವಾಗಿತ್ತು.

ಆದರೆ ಮತ್ತೊಂದು ಸಂಗತಿಯು ಅವರ ಮನಸ್ಸನ್ನು ಬಹಳವಾಗಿ ನೋಯಿಸಿತು. ಕೂಸನ್ನು ಆಸ್ಪತ್ರೆಯವರ ವಶಕ್ಕೆ ಒಪ್ಪಿಸಿ ದೂರವಿದ್ದ ಕೆಲವು ತಾಯಂದಿರಿಗೆ ಹಾಲು ಬತ್ತಿತು; ಅದರೊಡನೆ ಮಮತೆಯೂ ಬತ್ತಿತು. ಪೆಟ್ಟಿಗೆಯು ಜೀವವನ್ನು ಉಳಿಸಿದರೂ ಮಗುವು ತಾಯಿಯನ್ನು ಕಳಕೊಂಡರೆ ಲಾಭವೇನು? ಹೀಗೆಂದು ತಿಳಿದ ಬುದಾಂ ಅವರು ಕೂಸು ಎಲ್ಲರಿಗೂ ಕಾಣುವಂತೆ ಗಾಜಿನ ಪೆಟ್ಟಿಗೆಗಳನ್ನು ಮೆಚ್ಚಿದರು. ತಾಯಂದಿರೇ ಬಂದು ಹಾಲೂಡಬೇಕೆಂದು ಒತ್ತಾಯಪಡಿಸಿದರು.

ಮನೆಗೆ ಹೋದ ಕೂಸುಗಳನ್ನೂ ಅವರು ಮರೆಯಲಿಲ್ಲ. 1892ರಲ್ಲಿಯೇ ಪಾರೀಸಿನ ಇನ್ನೊಂದು ಆಸ್ಪತ್ರೆಯಲ್ಲಿ, ತಾಯಂದಿರು ಕೂಸುಗಳನ್ನು ತಂದು ತೂಗಿಸಿ ಬುದ್ಧಿಮಾತು ಕೇಳಿಕೊಂಡು ಹೋಗುವ ಏರ್ಪಾಡನ್ನು ಆರಂಭಿಸಿದ್ದರು. 1900ರಲ್ಲಿ ತಮ್ಮ ಉಪನ್ಯಾಸಗಳನ್ನು ಗ್ರಂಥವಾಗಿ ಪ್ರಕಟಿಸಿದರು. 1907ರಲ್ಲಿ ಮಾರ್ಸೇಲ್ಸ್ ಪಟ್ಟಣದಲ್ಲಿ ಮರಣಹೊಂದಿದರು.

ಈಗಿನ ಆಸ್ಪತ್ರೆಗಳಲ್ಲಿ ಬಿಸಿನೀರಿನ ಪಾತ್ರೆಗಳಿಗೆ ಬದಲಾಗಿ ವಿದ್ಯುತ್ ಯಂತ್ರಗಳಿವೆ. ಆದರೂ ಕಾವು ಕಾಯುವದು, ಹಾಲನ್ನು ಅಳೆಯುವದು, ಕೈತೊಳೆಯುವದು, ತಾಯಿಯನ್ನು ಹತ್ತಿರ ಕರೆಯುವದು ಇವೇ ಇಂದಿಗೂ ದಾದಿಯರ ಕೆಲಸವಾಗಿವೆ. 1978ರಿಂದ ಕೊಲಂಬಿಯ ದೇಶದ ಬೊಗೊಟಾ ಪಟ್ಟಣದಲ್ಲಿ ಕೂಸನ್ನು ತಾಯಿಯ ಎದೆಗೆ ಬರಿಮೈಯಾಗಿ ಅವಚಿಸಿ ಕಾಪಾಡುವ ಕ್ರಮವು ನಡೆದು ಲೋಕದಲ್ಲೆಲ್ಲಾ ಹಬ್ಬಿತು. ನಮ್ಮ ಮನೆಗಳಲ್ಲಿ ಇಂಥ ಕೂಸು ಹುಟ್ಟಿದರೆ, ಅದನ್ನು ಒಣಗಿದ ಬಟ್ಟೆಯಿಂದ ಒರಸಿ, ತಲೆಗೆ ಟೊಪ್ಪಿಗೆ ಹಾಕಿ, ತಾಯಿಯ ಎದೆಗೆ ಅವಚಿಸಿ, ತಡಮಾಡದೆ ಆಸ್ಪತ್ರೆಗೆ ಒಯ್ಯೋಣ. ಸಣ್ಣದೆಂದು ಯಾವ ಕೂಸನ್ನೂ ಕೈಬಿಡದಿರೋಣ.