ಶಕ್ತಿಯ ಲೆಕ್ಕವಿಟ್ಟ ವಿಜ್ಞಾನಿ: ಜೇಮ್ಸ್ ಪ್ರೆಸ್ಕಾಟ್ ಜೂಲ್

ತಿಂಗಳ ವಿದ್ಯುತ್ ಬಿಲ್ಲಿನಲ್ಲಿ ನಾವು ಕಾಣುವ ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್ ಶಕ್ತಿ. ನಮ್ಮ ಮಕ್ಕಳ ವಿಜ್ಞಾನದ ಪುಸ್ತಕದಲ್ಲಿ ಮೇಲಕ್ಕೆತ್ತಿದ ಕಲ್ಲು, ಓಡುವ ರೈಲು, ಒಲೆಯ ಮೇಲೆ ಕಾಯುವ ನೀರು ಇವೆಲ್ಲಕ್ಕೂ ಇರುವುದು ಜೂಲ್ ಎಂಬ ಒಂದೇ ಅಳತೆ. ಇದು ಒಬ್ಬ ವ್ಯಕ್ತಿಯ ಹೆಸರೆಂಬುದು ನಮ್ಮ ನೆನಪಿಗೆ ಬರುವುದು ಅಪರೂಪ. ಅವರು ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿರಲಿಲ್ಲ. ಯಾವ ಪದವಿಗಾಗಿಯೂ ಓದಿದವರಲ್ಲ. ಆದರೂ ಒಂದು ವಸ್ತು ಶಕ್ತಿಯನ್ನು ಕಳೆದುಕೊಂಡರೆ ಅಷ್ಟೇ ಶಕ್ತಿ ಬೇರೆಲ್ಲೋ ಬೇರೊಂದು ರೂಪದಲ್ಲಿ ಜಮೆಯಾಗಿರುತ್ತದೆ ಎಂಬ ಮಹಾಸತ್ಯವನ್ನು ಅಳೆದು ತೋರಿಸಿದವರಲ್ಲಿ ಅವರು ಅಗ್ರಗಣ್ಯರು.

ಜೇಮ್ಸ್ ಪ್ರೆಸ್ಕಾಟ್ ಜೂಲ್ ಅವರು 1818ರ ಡಿಸೆಂಬರ್ 24ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರಕ್ಕೆ ಹೊಂದಿಕೊಂಡಿರುವ ಸಾಲ್ಫರ್ಡ್‌ನಲ್ಲಿ ಜನಿಸಿದರು. ತಂದೆ ಬೆಂಜಮಿನ್ ಜೂಲ್ ಬಿಯರ್ ತಯಾರಿಕೆಯಲ್ಲಿ ಹೆಸರಾದ ಶ್ರೀಮಂತರು. ಬಾಲ್ಯದಲ್ಲಿ ಬೆನ್ನುಮೂಳೆಯ ತೊಂದರೆಯಿಂದ ದುರ್ಬಲರಾಗಿದ್ದ ಜೇಮ್ಸ್ ಅವರಿಗೆ ಮನೆಯಲ್ಲೇ ಪಾಠ ನಡೆಯಿತು. 1834ರಲ್ಲಿ ತಂದೆಯವರು ಜೇಮ್ಸ್ ಮತ್ತು ಅವರ ಅಣ್ಣನನ್ನು ಪರಮಾಣು ಸಿದ್ಧಾಂತದ ಪ್ರವರ್ತಕ ಜಾನ್ ಡಾಲ್ಟನ್ ಅವರ ಬಳಿ ಪಾಠಕ್ಕೆ ಕಳುಹಿಸಿದರು. ಡಾಲ್ಟನ್ ಅವರು ಅಂಕಗಣಿತ ಮತ್ತು ರೇಖಾಗಣಿತದಿಂದ ಪಾಠವನ್ನಾರಂಭಿಸಿದರು. 1837ರಲ್ಲಿ ಗುರುಗಳು ಪಾರ್ಶ್ವವಾಯುವಿಗೆ ತುತ್ತಾದದ್ದರಿಂದ ಆ ಪಾಠ ನಿಂತುಹೋಯಿತಾದರೂ, ಪ್ರಕೃತಿಯನ್ನು ಅಳತೆಯ ಮೂಲಕ ಅರಿಯಬೇಕೆಂಬ ಸಂಸ್ಕಾರ ಶಿಷ್ಯನಲ್ಲಿ ಜೀವನಪರ್ಯಂತ ಉಳಿಯಿತು.

ಆ ಕಾಲದಲ್ಲಿ ಉಷ್ಣದ ಬಗೆಗಿದ್ದ ಕಲ್ಪನೆಯನ್ನು ನಾವಿಲ್ಲಿ ತಿಳಿಯಬೇಕು. ಉಷ್ಣವೆಂಬುದು ಕಣ್ಣಿಗೆ ಕಾಣದ, ತೂಕವಿಲ್ಲದ ಒಂದು ದ್ರವ. ಬಿಸಿ ವಸ್ತುವಿನಿಂದ ತಣ್ಣನೆಯ ವಸ್ತುವಿಗೆ ಅದು ಹರಿಯುತ್ತದೆ. ಅದನ್ನು ಹೊಸದಾಗಿ ಹುಟ್ಟಿಸಲಾಗದು, ನಾಶಮಾಡಲೂ ಆಗದು ಎಂದು ಹೆಚ್ಚಿನ ವಿದ್ವಾಂಸರು ನಂಬಿದ್ದರು. ಈ ದ್ರವಕ್ಕೆ ಕೆಲೋರಿಕ್ ಎಂದು ಹೆಸರು. ಮ್ಯೂನಿಕ್ ನಗರದಲ್ಲಿ ಫಿರಂಗಿಯ ಕೊಳವೆ ಕೊರೆಯುವಾಗ ಘರ್ಷಣೆಯಿಂದ ಎಡೆಬಿಡದೆ ಹುಟ್ಟುವ ಬಿಸಿಯನ್ನು ಕಂಡ ಕೌಂಟ್ ರಮ್‌ಫರ್ಡ್ ಅವರು, ಉಷ್ಣವು ಚಲನೆಯ ಒಂದು ಬಗೆಯಿರಬೇಕೆಂದು 1798ರಲ್ಲೇ ವಾದಿಸಿದ್ದರು. ಆದರೆ ಎಷ್ಟು ಕೆಲಸಕ್ಕೆ ಎಷ್ಟು ಉಷ್ಣ ಎಂಬ ಖಚಿತವಾದ ಲೆಕ್ಕ ಇಲ್ಲದ ಕಾರಣ ಹಳೆಯ ನಂಬಿಕೆ ಅಲುಗಲಿಲ್ಲ.

ಜೂಲ್ ಅವರು ಈ ಪ್ರಶ್ನೆಯ ಬಳಿಗೆ ಬಂದದ್ದು ವ್ಯವಹಾರದ ದಾರಿಯಿಂದ ಎಂಬುದು ಸ್ವಾರಸ್ಯಕರ. ಉಗಿಯಂತ್ರದ ಬದಲು ಆಗ ಹೊಸದಾಗಿದ್ದ ವಿದ್ಯುತ್ ಮೋಟಾರನ್ನು ಬಳಸಬಹುದೇ ಎಂದು ಅವರು ಪರೀಕ್ಷಿಸಿದರು. ಬ್ಯಾಟರಿಯಲ್ಲಿ ಕರಗುವ ಸತುವಿನ ವೆಚ್ಚ ಕಲ್ಲಿದ್ದಲಿಗಿಂತ ಬಹಳ ಹೆಚ್ಚೆಂಬುದು ಲೆಕ್ಕದಿಂದ ತಿಳಿಯಿತು. ಯೋಜನೆ ಬಿದ್ದುಹೋಯಿತು, ಆದರೆ ಕುತೂಹಲ ಉಳಿಯಿತು. 1840ರಲ್ಲಿ, ಇನ್ನೂ ಇಪ್ಪತ್ತೆರಡು ತುಂಬದ ವಯಸ್ಸಿನಲ್ಲಿ, ತಂತಿಯಲ್ಲಿ ಹುಟ್ಟುವ ಉಷ್ಣವು ವಿದ್ಯುತ್ಪ್ರವಾಹದ ವರ್ಗಕ್ಕೂ ತಂತಿಯ ರೋಧಕ್ಕೂ ಅನುಗುಣವಾಗಿರುತ್ತದೆ ಎಂಬ ನಿಯಮವನ್ನು ಅವರು ಕಂಡುಕೊಂಡರು. ಪ್ರವಾಹ ಎರಡು ಪಟ್ಟಾದರೆ ಉಷ್ಣ ನಾಲ್ಕು ಪಟ್ಟು. ನಮ್ಮ ಮನೆಯ ಇಸ್ತ್ರಿಪೆಟ್ಟಿಗೆ, ಸ್ನಾನದ ಮನೆಯ ಗೀಸರ್ ಎಲ್ಲವೂ ಇಂದಿಗೂ ಈ ನಿಯಮಕ್ಕೇ ಬದ್ಧವಾಗಿವೆ.

ಮುಂದಿನ ಹೆಜ್ಜೆ ಇನ್ನೂ ದೊಡ್ಡದು. ಕೆಳಗಿಳಿಯುವ ತೂಕಗಳ ಬಲದಿಂದ ವಿದ್ಯುಜ್ಜನಕವನ್ನು ತಿರುಗಿಸಿ, ಅದರಿಂದ ಬಂದ ಪ್ರವಾಹವು ನೀರನ್ನು ಎಷ್ಟು ಬಿಸಿ ಮಾಡುತ್ತದೆಂದು ಅವರು ಅಳೆದರು. ಈ ಉಷ್ಣ ಬೇರೆಡೆಯಿಂದ ಹರಿದು ಬಂದದ್ದಲ್ಲ, ತೂಕ ಇಳಿಯುವಾಗ ನಡೆದ ಕೆಲಸವೇ ಉಷ್ಣವಾಗಿದೆ ಎಂಬುದು ಅವರ ನಿರ್ಣಯ. 1843ರಲ್ಲಿ ಐರ್ಲೆಂಡಿನ ಕಾರ್ಕ್ ನಗರದ ವಿಜ್ಞಾನ ಸಮ್ಮೇಳನದಲ್ಲಿ ಇದನ್ನು ಮಂಡಿಸಿದಾಗ ಸಭೆ ಮೌನವಾಗಿತ್ತು. 1844ರಲ್ಲಿ ಅವರು ವಾಯುವಿನ ಸಂಕೋಚನವನ್ನು ಕುರಿತು ಬರೆದ ಪ್ರಬಂಧವನ್ನು ಪ್ರಕಟಿಸಲು ಲಂಡನ್ನಿನ ರಾಯಲ್ ಸೊಸೈಟಿ ಒಪ್ಪಲಿಲ್ಲ. ಡಿಗ್ರಿಯ ನೂರರಲ್ಲೊಂದು ಭಾಗದಷ್ಟು ಸೂಕ್ಷ್ಮವಾದ ವ್ಯತ್ಯಾಸಗಳ ಮೇಲೆ ಕಟ್ಟಿದ ಸಿದ್ಧಾಂತವನ್ನು ಆ ಕಾಲದ ವಿದ್ವಾಂಸರು ನಂಬದೆ ಇದ್ದುದರಲ್ಲಿ ಅಚ್ಚರಿಯಿಲ್ಲ.

ಇದಕ್ಕೆ ಜೂಲ್ ಅವರು ಕೊಟ್ಟ ಉತ್ತರ ವಾದವಲ್ಲ. ಮತ್ತಷ್ಟು ನಿಖರವಾದ ಅಳತೆ. ಅವರ ಪ್ರಸಿದ್ಧ ಪ್ರಯೋಗ ಅತ್ಯಂತ ಸರಳವಾದುದು. ನೀರು ತುಂಬಿದ ತಾಮ್ರದ ಪಾತ್ರೆಯೊಳಗೆ ಅಲಗುಗಳುಳ್ಳ ಒಂದು ಚಕ್ರ. ಅದಕ್ಕೆ ಸುತ್ತಿದ ದಾರ ರಾಟೆಗಳ ಮೇಲೆ ಹಾದು ಎರಡು ಸೀಸದ ತೂಕಗಳಿಗೆ ಕಟ್ಟಲ್ಪಟ್ಟಿದೆ. ಸುಮಾರು 13 ಕಿಲೋಗ್ರಾಂನ ಪ್ರತಿಯೊಂದು ತೂಕವೂ ಸುಮಾರು 1.6 ಮೀಟರ್ ಕೆಳಗಿಳಿಯುವಾಗ ಚಕ್ರ ತಿರುಗಿ ನೀರನ್ನು ಕಡೆಯುತ್ತದೆ. ಹೀಗೆ 20 ಬಾರಿ ಇಳಿಸಿದ ಮೇಲೆ ನೀರಿನ ತಾಪ ಏರುತ್ತಿದ್ದುದು ಒಂದು ಸೆಲ್ಸಿಯಸ್ ಡಿಗ್ರಿಯ ಮೂರನೆಯ ಒಂದು ಭಾಗದಷ್ಟು ಮಾತ್ರ! ಇಷ್ಟು ಅಲ್ಪ ಏರಿಕೆಯನ್ನು ಅಳೆಯಲು ಮ್ಯಾಂಚೆಸ್ಟರಿನ ಉಪಕರಣ ತಯಾರಕ ಡಾನ್ಸರ್ ಅವರು ಅತಿ ಸೂಕ್ಷ್ಮವಾದ ತಾಪಮಾಪಕಗಳನ್ನು ಮಾಡಿಕೊಟ್ಟಿದ್ದರು. ತಾಪ ಹೆಚ್ಚು ಏರಿಳಿಯದ ನೆಲಮಾಳಿಗೆಯಲ್ಲಿ ಪ್ರಯೋಗ ನಡೆಯುತ್ತಿತ್ತು. ನೋಡುವವನ ಮೈಯ ಬಿಸಿಯೂ ಲೆಕ್ಕವನ್ನು ಕೆಡಿಸಬಾರದೆಂದು ನಡುವೆ ಮರದ ತಡಿಕೆಯನ್ನಿಟ್ಟಿದ್ದರು. ರಾಟೆಯ ಘರ್ಷಣೆಯನ್ನೂ, ನೆಲ ಮುಟ್ಟುವಾಗ ತೂಕದಲ್ಲಿ ಉಳಿದಿದ್ದ ವೇಗವನ್ನೂ ಲೆಕ್ಕದಿಂದ ಕಳೆಯುತ್ತಿದ್ದರು.

ಎತ್ತರದಲ್ಲಿದ್ದ ತೂಕ ಇಳಿಯುತ್ತಾ ತನ್ನ ಶಕ್ತಿಯನ್ನು ಕಳೆದುಕೊಂಡಿತು. ನೀರು ಅದನ್ನು ಉಷ್ಣವಾಗಿ ಪಡೆದುಕೊಂಡಿತು. ಒಂದರ ನಷ್ಟ ಇನ್ನೊಂದರ ಗಳಿಕೆ. ನೀರಿನ ಬದಲು ಪಾದರಸವನ್ನು ಕಡೆದಾಗಲೂ, ಕಬ್ಬಿಣವನ್ನು ಕಬ್ಬಿಣಕ್ಕೆ ತಿಕ್ಕಿದಾಗಲೂ ಲೆಕ್ಕ ಬಹುಮಟ್ಟಿಗೆ ಒಂದೇ ಬಂದಿತು. ಒಂದು ಪೌಂಡ್ ನೀರಿನ ತಾಪವನ್ನು ಒಂದು ಫ್ಯಾರನ್‌ಹೀಟ್ ಡಿಗ್ರಿ ಏರಿಸಲು 772 ಪೌಂಡ್ ತೂಕ ಒಂದು ಅಡಿ ಇಳಿದಷ್ಟು ಕೆಲಸ ಬೇಕೆಂದು 1850ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವರು ಸಾರಿದರು. ಹಿಂದೆ ನಿರಾಕರಿಸಿದ್ದ ರಾಯಲ್ ಸೊಸೈಟಿಯೇ ಈ ಪ್ರಬಂಧವನ್ನು ಅಚ್ಚುಹಾಕಿ, ಅದೇ ವರ್ಷ ಅವರನ್ನು ಸದಸ್ಯರನ್ನಾಗಿ ಆರಿಸಿತು.

ಇದಕ್ಕೆ ಮೊದಲೇ, 1847ರ ಜೂನ್‌ನಲ್ಲಿ, ಆಕ್ಸ್‌ಫರ್ಡ್ ಸಮ್ಮೇಳನದಲ್ಲಿ ಅವರ ಅದೃಷ್ಟ ತಿರುಗಿತ್ತು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಖ್ಯಾತರಾದ ತರುಣ ವಿಲಿಯಂ ಥಾಮ್ಸನ್ ಅಲ್ಲಿ ಅವರ ಮಾತನ್ನು ಲಕ್ಷ್ಯವಿಟ್ಟು ಕೇಳಿದರು. ಅದೇ ಆಗಸ್ಟ್‌ನಲ್ಲಿ ಜೂಲ್ ಅವರು ಅಮೇಲಿಯಾ ಗ್ರೈಮ್ಸ್ ಅವರನ್ನು ವಿವಾಹವಾಗಿ ಆಲ್ಪ್ಸ್ ಪರ್ವತಗಳಿಗೆ ಪ್ರವಾಸ ಹೊರಟರು. ದಾರಿಯಲ್ಲಿ ಆಕಸ್ಮಿಕವಾಗಿ ಎದುರಾದ ಥಾಮ್ಸನ್ ಅವರ ನೆನಪಿನಂತೆ, ನವವರನ ಕೈಯಲ್ಲಿ ಉದ್ದನೆಯ ತಾಪಮಾಪಕವಿತ್ತು! ಜಲಪಾತದ ತಳದ ನೀರು ಮೇಲಿನ ನೀರಿಗಿಂತ ಬೆಚ್ಚಗಿರಬೇಕೆಂಬುದು ಜೂಲ್ ಅವರ ಎಣಿಕೆ. ನೀರು ತುಂತುರಾಗಿ ಚೆದುರಿದ್ದರಿಂದ ಆ ಅಳತೆ ಕೈಗೂಡಲಿಲ್ಲ. ನಮ್ಮ ಜೋಗದ 253 ಮೀಟರ್ ಧುಮುಕಿಗೆ ಇದೇ ಲೆಕ್ಕ ಹಾಕಿದರೆ, ಶಕ್ತಿ ಬೇರೆಲ್ಲಿಗೂ ಹೋಗದಿದ್ದ ಪಕ್ಷದಲ್ಲಿ, ತಳದ ನೀರು 0.6 ಸೆಲ್ಸಿಯಸ್ ಡಿಗ್ರಿಯಷ್ಟು ಬೆಚ್ಚಗಾಗಬೇಕು.

ಈ ಸತ್ಯವನ್ನು ಕಂಡವರು ಜೂಲ್ ಒಬ್ಬರೇ ಅಲ್ಲ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಹಡಗಿನ ವೈದ್ಯರಾಗಿ ಜಾವಾ ದ್ವೀಪಕ್ಕೆ ಹೋಗಿದ್ದ ಜರ್ಮನಿಯ ರಾಬರ್ಟ್ ಮೇಯರ್, ಉಷ್ಣವಲಯದಲ್ಲಿ ನಾವಿಕರ ಅಭಿಧಮನಿಯ ರಕ್ತ ಹೆಚ್ಚು ಕೆಂಪಾಗಿರುವುದನ್ನು ಕಂಡು ಇದೇ ಚಿಂತನೆಗೆ ತೊಡಗಿ, 1842ರಲ್ಲೇ ತಮ್ಮ ಲೇಖನವನ್ನು ಪ್ರಕಟಿಸಿದ್ದರು. ಮೊದಲಿಗರು ಯಾರೆಂಬ ಕಹಿಯಾದ ವಿವಾದ ವರ್ಷಗಟ್ಟಲೆ ನಡೆಯಿತು. ರಾಯಲ್ ಸೊಸೈಟಿ ತನ್ನ ಕಾಪ್ಲಿ ಪದಕವನ್ನು 1870ರಲ್ಲಿ ಜೂಲ್ ಅವರಿಗೂ 1871ರಲ್ಲಿ ಮೇಯರ್ ಅವರಿಗೂ ಇತ್ತು ಗೌರವಿಸಿತು. ವಿಚಾರವನ್ನು ಮೊದಲು ಹೇಳಿದವರು ಮೇಯರ್, ಪ್ರಯೋಗದಿಂದ ದೃಢಪಡಿಸಿದವರು ಜೂಲ್ ಎಂದು ನಾವು ಇಬ್ಬರನ್ನೂ ಸ್ಮರಿಸುವುದು ಉಚಿತ.

ಶಕ್ತಿ ನಾಶವಾಗದಿದ್ದರೆ ನಾವು ಇಂಧನಕ್ಕೆ ಪರದಾಡುವುದೇಕೆ ಎಂಬ ಸಂದೇಹ ಸಹಜ. ಜೂಲ್ ಅವರ ಸಂಶೋಧನೆಯನ್ನು ಮುಂದುವರಿಸಿ ಕ್ಲಾಸಿಯಸ್ ಮತ್ತು ಥಾಮ್ಸನ್ ಇದಕ್ಕೆ ಉತ್ತರ ಕಂಡುಕೊಂಡರು. ಬ್ರೇಕ್ ಹಾಕಿದ ಬಸ್ಸಿನ ಚಲನಶಕ್ತಿ ಚಕ್ರವನ್ನೂ ರಸ್ತೆಯನ್ನೂ ಗಾಳಿಯನ್ನೂ ಬಿಸಿಮಾಡಿ ಚೆದುರಿಹೋಗುತ್ತದೆ. ಮೊತ್ತ ಕುಂದುವುದಿಲ್ಲ, ಮತ್ತೆ ಬಳಸಿಕೊಳ್ಳುವ ಅನುಕೂಲ ಮಾತ್ರ ತಪ್ಪಿಹೋಗುತ್ತದೆ. ಜೂಲ್ ಮತ್ತು ಥಾಮ್ಸನ್ ಜೊತೆಗೂಡಿ, ಸಣ್ಣ ರಂಧ್ರದ ಮೂಲಕ ಹಿಗ್ಗುವ ವಾಯು ತಣ್ಣಗಾಗುವುದನ್ನೂ ಅಧ್ಯಯನ ಮಾಡಿದರು. ಗಾಳಿಯನ್ನು ದ್ರವವಾಗಿಸುವ ಉದ್ಯಮಕ್ಕೆ ಅದೇ ಅಡಿಪಾಯವಾಯಿತು.

ಅವರ ವೈಯಕ್ತಿಕ ಬದುಕು ಅಷ್ಟು ಸುಖಕರವಾಗಿರಲಿಲ್ಲ. 1854ರಲ್ಲಿ ಪತ್ನಿಯನ್ನೂ, ಹುಟ್ಟಿ ಕೆಲವೇ ವಾರಗಳಾಗಿದ್ದ ಮಗುವನ್ನೂ ಕಳೆದುಕೊಂಡರು. ಉಳಿದ ಇಬ್ಬರು ಮಕ್ಕಳೊಡನೆ ಅವರು ಏಕಾಂತಪ್ರಿಯರಾಗಿ ಬಾಳಿದರು, ಮರುಮದುವೆಯಾಗಲಿಲ್ಲ. ಸರಿಸುಮಾರು ಅದೇ ಕಾಲದಲ್ಲಿ ಕುಟುಂಬದ ಬಿಯರ್ ಕಾರ್ಖಾನೆಯೂ ಮಾರಾಟವಾಯಿತು. ಸ್ವಂತ ಹಣದಿಂದಲೇ ಸಂಶೋಧನೆ ನಡೆಸುತ್ತಿದ್ದವರ ಸಂಪತ್ತು ಕ್ರಮೇಣ ಕರಗಿತು. 1878ರಲ್ಲಿ ಬ್ರಿಟಿಷ್ ಸರ್ಕಾರ ವರ್ಷಕ್ಕೆ 200 ಪೌಂಡುಗಳ ವಿಶ್ರಾಂತಿ ವೇತನ ನೀಡಿತು. ಅರವತ್ತರ ಹೊಸ್ತಿಲಲ್ಲಿದ್ದ ಅವರು ಅದೇ ವರ್ಷ ಹಳೆಯ ಪ್ರಯೋಗವನ್ನು ಇನ್ನಷ್ಟು ನಿಖರವಾಗಿ ಮಾಡಿ 772.55 ಎಂಬ ಸಂಖ್ಯೆಯನ್ನು ಕೊಟ್ಟರು. ಮೊದಲಿನ ಸಂಖ್ಯೆಗೂ ಇದಕ್ಕೂ ಇದ್ದ ಅಂತರ ಅತ್ಯಲ್ಪ.

1889ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನವು ಶಕ್ತಿಯ ಮಾನಕ್ಕೆ ಅವರ ಹೆಸರನ್ನಿಟ್ಟಿತು. ಅದೇ ಅಕ್ಟೋಬರ್ 11ರಂದು ಮ್ಯಾಂಚೆಸ್ಟರ್ ಸಮೀಪದ ಸೇಲ್ ಎಂಬ ಊರಿನಲ್ಲಿ ಜೂಲ್ ಅವರು ನಿಧನರಾದರು. ಮ್ಯಾಂಚೆಸ್ಟರಿನ ಪುರಭವನದಲ್ಲಿ ಅವರ ಶಿಲಾಪ್ರತಿಮೆ ಗುರು ಡಾಲ್ಟನ್ ಅವರ ಪ್ರತಿಮೆಗೆ ಎದುರಾಗಿ ಕುಳಿತಿದೆ. ಅವರ ಸಮಾಧಿಯ ಕಲ್ಲಿನ ಮೇಲೆ 772.55 ಎಂಬ ಸಂಖ್ಯೆಯನ್ನು ಕೆತ್ತಲಾಗಿದೆ. ನಾಲ್ಕು ದಶಕಗಳ ತಾಳ್ಮೆಯಿಂದ ಗಳಿಸಿದ ಆ ಸಂಖ್ಯೆಯೇ ಅವರ ನಿಜವಾದ ಬಿರುದು ಎಂದು ನಮ್ಮ ಭಾವನೆ.