ಪಾಲ್ ಎರ್ಲಿಖ್
ಪಾಲ್ ಎರ್ಲಿಖ್ (ಮಾರ್ಚ್ ೧೪, ೧೮೫೪ – ಆಗಸ್ಟ್ ೨೦, ೧೯೧೫) ಜರ್ಮನಿಯ ವೈದ್ಯವಿಜ್ಞಾನಿ. ರಾಸಾಯನಿಕ ಚಿಕಿತ್ಸೆಯ ಪ್ರವರ್ತಕರೆಂದು ಪ್ರಸಿದ್ಧರು. ಈಗ ಪೋಲೆಂಡಿಗೆ ಸೇರಿರುವ ಸ್ಟ್ರೇಲೆನ್ ಪಟ್ಟಣದ ಯೆಹೂದಿ ಕುಟುಂಬವೊಂದರಲ್ಲಿ ಜನಿಸಿದರು. ವಿದ್ಯಾರ್ಥಿದೆಸೆಯಲ್ಲಿಯೇ ಜೀವಕೋಶಗಳಿಗೆ ಬಣ್ಣ ಹಿಡಿಸುವ ವಿಧಾನಗಳಲ್ಲಿ ಆಸಕ್ತಿ ತಳೆದರು.

ಮೆಥಿಲೀನ್ ಬ್ಲೂ ಎಂಬ ಬಣ್ಣವು ಮಲೇರಿಯಾ ಪರೋಪಜೀವಿಗೆ ಚೆನ್ನಾಗಿ ಹಿಡಿಯುತ್ತದೆ. ಹಾಗೆ ಅಂಟುವ ವಸ್ತುವು ಆ ಜೀವಿಯನ್ನು ಕೊಲ್ಲಲೂಬಹುದೆಂದು ಎರ್ಲಿಖ್ ತರ್ಕಿಸಿದರು. ೧೮೯೧ರಲ್ಲಿ ಬರ್ಲಿನ್ನಿನಲ್ಲಿ ಪಾಲ್ ಗುಟ್‌ಮನ್ನರೊಡನೆ ಇಬ್ಬರು ರೋಗಿಗಳಿಗೆ ಅದನ್ನು ಕೊಟ್ಟರು, ಇಬ್ಬರೂ ಚೇತರಿಸಿಕೊಂಡರು. ಸಂಶ್ಲೇಷಿತ ವಸ್ತುವೊಂದು ಮಲೇರಿಯಾಕ್ಕೆ ಔಷಧವಾದದ್ದು ಇದೇ ಮೊದಲು. ಆದರೂ ಕ್ವಿನೈನಿನ ಸ್ಥಾನ ಕದಲಲಿಲ್ಲ. ಇಬ್ಬರೇ ರೋಗಿಗಳ ಪರೀಕ್ಷೆಯಿಂದ ಅದು ಸಾಧ್ಯವೂ ಇರಲಿಲ್ಲ.

೧೯೦೮ರಲ್ಲಿ ಮೆಚ್ನಿಕೋಫ್‌ರೊಡನೆ ನೊಬೆಲ್ ಪ್ರಶಸ್ತಿ ಪಡೆದರು. ಸಹಾಚಿರೊ ಹಾತಾ ಅವರೊಂದಿಗೆ ರೂಪಿಸಿದ ಸಾಲ್ವರ್ಸಾನ್, ಸಿಫಿಲಿಸ್ ರೋಗಕ್ಕೆ ೧೯೧೦ರಲ್ಲಿ ಬಳಕೆಗೆ ಬಂದಿತು.

ಇವುಗಳಷ್ಟು ಪ್ರಸಿದ್ಧವಲ್ಲದಿದ್ದರೂ ಮುಂದಿನ ಮಲೇರಿಯಾ ಚಿಕಿತ್ಸೆಗೆ ಹತ್ತಿರವಾದದ್ದು ಇನ್ನೊಂದು ಶೋಧ. ಇಲಿಗಳಲ್ಲಿದ್ದ ಟ್ರಿಪನೊಸೋಮ್ ಜೀವಿಗಳು ಔಷಧಕ್ಕೆ ಒಗ್ಗಿಕೊಂಡು ಬದುಕುಳಿಯುವುದು ೧೯೦೭ರ ಸುಮಾರಿಗೆ ಫ್ರಾಂಕ್‌ಫರ್ಟಿನ ಅವರ ಪ್ರಯೋಗಾಲಯದಲ್ಲಿ ಕಂಡುಬಂದಿತು. ಪರೋಪಜೀವಿಯ ಬೇರೆ ಬೇರೆ ಭಾಗಗಳ ಮೇಲೆ ಎರಗುವ ಔಷಧಗಳನ್ನು ಒಟ್ಟಿಗೆ ನೀಡಬೇಕೆಂದು ಅವರು ಪ್ರತಿಪಾದಿಸಿದರು. ಕ್ಲೋರೋಕ್ವಿನ್ ನಿಷ್ಫಲವಾಗತೊಡಗಿದ ಮೇಲೆ, ತೊಡಕುಗಳಿಲ್ಲದ ಫಾಲ್ಸಿಪಾರಮ್ ಮಲೇರಿಯಾಕ್ಕೆ ವಿಶ್ವ ಆರೋಗ್ಯ ಸಂಸ್ಥೆಯು ಆರ್ಟೆಮಿಸಿನಿನ್ ಆಧಾರಿತ ಸಂಯೋಜಿತ ಚಿಕಿತ್ಸೆಯನ್ನು ಶಿಫಾರಸು ಮಾಡಿದ್ದು ಇದೇ ತತ್ತ್ವದ ಮೇಲೆ.

ಇಪ್ಪತ್ತೊಂದನೆಯ ಶತಮಾನದಲ್ಲಿ ಬುರ್ಕಿನಾ ಫಾಸೋದ ನೂನಾದಲ್ಲಿ ಮೆಥಿಲೀನ್ ಬ್ಲೂವನ್ನು ಇತರ ಔಷಧಗಳೊಡನೆ ಬೆರೆಸಿ ಮಕ್ಕಳಲ್ಲಿ ಪರೀಕ್ಷಿಸಲಾಯಿತು. ಕ್ಲೋರೋಕ್ವಿನ್ ಜೊತೆಗಿನ ಜೋಡಿ ಸಾಕಷ್ಟು ಪರಿಣಾಮಕಾರಿಯಾಗಲಿಲ್ಲ. ಆದರೆ ಸೊಳ್ಳೆಗೆ ದಾಟುವ ಹಂತದ ಪರೋಪಜೀವಿಗಳನ್ನು ಈ ಬಣ್ಣ ಗಣನೀಯವಾಗಿ ತಗ್ಗಿಸಿತು. ಸೇವಿಸಿದವರ ಮೂತ್ರ ನೀಲಿಯಾಗುವುದು ಅದರ ಪರಿಚಿತ ಅಡ್ಡಪರಿಣಾಮ.