ತನ್ನ ನಾಡಿನ ಯುದ್ಧವನ್ನು ಪ್ರಶ್ನಿಸಿದ ಎಮಿಲಿ ಹಾಬ್‌ಹೌಸ್

ಯುದ್ಧಗಳ ಚರಿತ್ರೆಯನ್ನು ಓದುವಾಗ ಸೇನಾಪತಿಗಳ ಹೆಸರುಗಳು ನಮ್ಮ ಬಾಯಿಗೆ ಬರುತ್ತವೆ. ಕೋಟೆಗಳು ಬಿದ್ದ ತಾರೀಖುಗಳನ್ನು ನಾವು ಪರೀಕ್ಷೆಗೆಂದು ಉರುಹೊಡೆಯುತ್ತೇವೆ. ಆದರೆ ಆ ಯುದ್ಧಗಳಲ್ಲಿ ಮನೆ ಮಠಗಳನ್ನು ಕಳೆದುಕೊಂಡ ಹೆಂಗಸರ ಮತ್ತು ಮಕ್ಕಳ ಲೆಕ್ಕವನ್ನು ಇಡುವವರು ವಿರಳ. ಶತ್ರುವು ತನ್ನ ಮೇಲೆ ಬಿದ್ದಾಗ ಯುದ್ಧವನ್ನು ನಿಂದಿಸುವುದು ಯಾರಿಗೂ ಕಷ್ಟವಲ್ಲ. ತನ್ನ ದೇಶವೇ ಸಾವಿರಾರು ಮೈಲಿ ದೂರದ ಪರನಾಡಿಗೆ ಸೈನ್ಯವನ್ನು ಕಳುಹಿಸಿ, ಬೀದಿ ಬೀದಿಗಳಲ್ಲಿ ಜಯಘೋಷ ಮೊಳಗುತ್ತಿರುವಾಗ ಎದ್ದು ನಿಂತು ಇದು ಅನ್ಯಾಯವೆಂದು ಹೇಳುವುದೇ ಕಷ್ಟ. ಅಂತಹ ಕಷ್ಟದ ಕೆಲಸವನ್ನು ಮಾಡಿದವರಲ್ಲಿ ಇಂಗ್ಲೆಂಡಿನ ಎಮಿಲಿ ಹಾಬ್‌ಹೌಸ್ ಅಗ್ರಗಣ್ಯಳು.

ಎಮಿಲಿ ಹುಟ್ಟಿದ್ದು 1860ನೆಯ ಇಸವಿ ಏಪ್ರಿಲ್ 9ರಂದು, ಕಾರ್ನ್‌ವಾಲ್ ಪ್ರಾಂತದ ಸೇಂಟ್ ಈವ್ ಎಂಬ ಹಳ್ಳಿಯಲ್ಲಿ. ತಂದೆ ಅಲ್ಲಿಯ ಇಗರ್ಜಿಯ ಪಾದ್ರಿ. ರಾಜ್ಯಶಾಸ್ತ್ರ, ಸಮಾಜಶಾಸ್ತ್ರಗಳ ವಿದ್ಯಾರ್ಥಿಗಳಿಗೆ ಪರಿಚಿತನಾದ ಎಲ್. ಟಿ. ಹಾಬ್‌ಹೌಸ್ ಈಕೆಯ ತಮ್ಮ. ತಮ್ಮನು ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯಕ್ಕೆ ಹೋದನು. ಅಕ್ಕನಿಗೆ ದೊರೆತದ್ದು ಮನೆಯ ಪಾಠ ಮಾತ್ರ. 1880ರಲ್ಲಿ ತಾಯಿ ತೀರಿಕೊಂಡ ಮೇಲೆ ರೋಗಿಯಾದ ತಂದೆಯ ಆರೈಕೆಯಲ್ಲಿ ಆಕೆಯ ಯೌವನವೆಲ್ಲ ಕಳೆದುಹೋಯಿತು. 1895ರಲ್ಲಿ ತಂದೆ ಕಾಲವಾದಾಗ ಎಮಿಲಿಗೆ ಸುಮಾರು ಮೂವತ್ತೈದು ವರ್ಷ. ಅನಂತರ ಅಮೆರಿಕದ ಮಿನ್ನೆಸೋಟಾಕ್ಕೆ ಹೋಗಿ ಗಣಿ ಕೂಲಿಕಾರರ ನಡುವೆ ಪಾನನಿರೋಧದ ಕೆಲಸ ಮಾಡಿದಳು. ಅಲ್ಲಿ ನಿಶ್ಚಯವಾದ ಮದುವೆ ಮುರಿದುಬಿತ್ತು. ಕೈಯಲ್ಲಿದ್ದ ಹಣವೂ ಬಹುಮಟ್ಟಿಗೆ ಕರಗಿತು. 1898ರಲ್ಲಿ ಆಕೆ ಇಂಗ್ಲೆಂಡಿಗೆ ಹಿಂದಿರುಗಿದಳು. ಲೋಕದ ದೃಷ್ಟಿಯಲ್ಲಿ ಅದು ಸೋತ ಬಾಳು. ನಿಜವಾದ ಬಾಳು ಆಗ ಪ್ರಾರಂಭವಾಗುವುದರಲ್ಲಿತ್ತು.

1899ರ ಅಕ್ಟೋಬರ್‌ನಲ್ಲಿ ದಕ್ಷಿಣ ಆಫ್ರಿಕದಲ್ಲಿ ಬೋಯರ್ ಯುದ್ಧ ಆರಂಭವಾಯಿತು. ಹಾಲೆಂಡ್ ಮೂಲದ ಬೋಯರ್ ರೈತರ ಎರಡು ಪುಟ್ಟ ಗಣರಾಜ್ಯಗಳ ಮೇಲೆ ಬ್ರಿಟಿಷ್ ಸಾಮ್ರಾಜ್ಯದ ಕಣ್ಣು ಬಿದ್ದಿತ್ತು. ಟ್ರಾನ್ಸ್‌ವಾಲಿನ ನೆಲದಲ್ಲಿ ಚಿನ್ನವಿತ್ತು. ಯುದ್ಧವು ಕೆಲವೇ ತಿಂಗಳುಗಳಲ್ಲಿ ಮುಗಿಯುವುದೆಂದು ಲಂಡನ್ನಿನಲ್ಲಿ ಎಲ್ಲರೂ ನಂಬಿದ್ದರು. 1900ರ ಜೂನ್‌ನಲ್ಲಿ ಪ್ರಿಟೋರಿಯಾ ವಶವಾದರೂ ಯುದ್ಧ ಮುಗಿಯಲಿಲ್ಲ. ಬೋಯರರು ಸಣ್ಣ ಸಣ್ಣ ತಂಡಗಳಾಗಿ, ಕುದುರೆಗಳ ಮೇಲೆ ಬಂದು ಹೊಡೆದು ಮರೆಯಾಗತೊಡಗಿದರು. ನಾಲ್ಕು ಲಕ್ಷಕ್ಕೂ ಮಿಕ್ಕ ಬ್ರಿಟಿಷ್ ಸೈನ್ಯಕ್ಕೆ ಕಣ್ಣಿಗೆ ಕಾಣದ ಆ ಶತ್ರುವನ್ನು ಹಿಡಿಯಲು ಸಾಧ್ಯವಾಗಲಿಲ್ಲ. ಆಗ ಸೇನೆಯ ಕೋಪ ಮನೆಗಳ ಕಡೆಗೆ ತಿರುಗಿತು. ಸುಮಾರು 30,000 ಹೊಲಮನೆಗಳಿಗೆ ಬೆಂಕಿಯಿಟ್ಟು, ದನಕುರಿಗಳನ್ನು ಕೊಂದು, ಹೆಂಗಸರನ್ನೂ ಮಕ್ಕಳನ್ನೂ ಬಂಡಿಗಳಲ್ಲಿ ತುಂಬಿ ಡೇರೆಗಳ ಶಿಬಿರಗಳಿಗೆ ಸಾಗಿಸಿದರು. ಯುದ್ಧವು ಉದ್ದವಾದಂತೆ ಅದು ಯೋಧರನ್ನು ಬಿಟ್ಟು ನಿರಪರಾಧಿಗಳನ್ನು ಹಿಡಿಯುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಯುದ್ಧ ಆರಂಭವಾದೊಡನೆಯೇ ಲಂಡನ್ನಿನಲ್ಲಿ ರಾಜಿಗಾಗಿ ಶ್ರಮಿಸುವ ಸಮಿತಿಯೊಂದು ಹುಟ್ಟಿತು. ಅದರ ಮಹಿಳಾ ಶಾಖೆಗೆ ಎಮಿಲಿ ಕಾರ್ಯದರ್ಶಿಯಾದಳು. 1900ರ ಜೂನ್‌ನಲ್ಲಿ ಯುದ್ಧವಿರೋಧಿ ಮಹಿಳೆಯರ ಸಭೆಯೊಂದನ್ನು ಕೂಡಿಸಿದಳು. ಆದರೆ ಸಭೆ, ಠರಾವುಗಳಿಂದ ಆಕೆಗೆ ತೃಪ್ತಿಯಾಗಲಿಲ್ಲ. ಸಂಕಟನಿವಾರಣೆಗಾಗಿ ನಿಧಿಯೊಂದನ್ನು ಕೂಡಿಸಿ, ಡಿಸೆಂಬರ್‌ನಲ್ಲಿ ತಾನೇ ಹಡಗನ್ನೇರಿ ಕೇಪ್‌ಟೌನಿಗೆ ಹೊರಟಳು. ಅಲ್ಲಿಂದ ಒಂದು ರೈಲು ಬಂಡಿಯ ತುಂಬ ಬಟ್ಟೆ, ಆಹಾರಗಳನ್ನು ಹೇರಿಕೊಂಡು, 1901ರ ಜನವರಿ 24ರಂದು ಬ್ಲೂಮ್‌ಫಾಂಟೇನ್ ಶಿಬಿರವನ್ನು ಹೊಕ್ಕಳು.

ಅಲ್ಲಿ ಸುಮಾರು 2,000 ಜನರಿದ್ದರು. ಅವರಲ್ಲಿ 900ಕ್ಕೂ ಮಿಕ್ಕಿ ಮಕ್ಕಳು. ಸುಡುಬಿಸಿಲಿನಲ್ಲಿ ಕಾದ ಡೇರೆಗಳು, ಎಲ್ಲೆಲ್ಲೂ ನೊಣಗಳು, ಕೆಸರಿನಂತಹ ನದಿಯ ನೀರು, ಅದನ್ನು ಕುದಿಸಲು ಸಾಲದ ಸೌದೆ. ಸಾಬೂನು ಎಂಬುದು ಪಡಿತರದ ಪಟ್ಟಿಯಲ್ಲಿಯೇ ಇರಲಿಲ್ಲ. ಅಧಿಕಾರಿಗಳು ಅದನ್ನು ಭೋಗವಸ್ತುವೆಂದು ಬಗೆದಿದ್ದರು. ದಡಾರ, ವಿಷಮಶೀತ ಜ್ವರಗಳು ಮಕ್ಕಳನ್ನು ದಿನದಿನವೂ ಕೊಂಡೊಯ್ಯುತ್ತಿದ್ದುವು. ಎಮಿಲಿ ಅತ್ತು ಕೂರಲಿಲ್ಲ. ಡೇರೆಯಿಂದ ಡೇರೆಗೆ ಹೋಗಿ ಹೆಸರು, ವಯಸ್ಸು, ರೋಗ, ಸಾವುಗಳನ್ನು ಬರೆದುಕೊಂಡಳು. ಸಾಬೂನಿಗಾಗಿ, ನೀರು ಕಾಯಿಸುವ ಹಂಡೆಗಾಗಿ ಅಧಿಕಾರಿಗಳ ಬೆನ್ನು ಹತ್ತಿದಳು. ಬೇರೆ ಊರುಗಳ ಶಿಬಿರಗಳನ್ನೂ ನೋಡಿದಳು. ಸ್ಪ್ರಿಂಗ್‌ಫಾಂಟೇನಿನಲ್ಲಿ ತಾಯಿಯೊಬ್ಬಳು ಸಾಯುತ್ತಿರುವ ಮಗುವನ್ನು ಮಡಿಲಲ್ಲಿಟ್ಟುಕೊಂಡು, ಕಣ್ಣಿನಲ್ಲಿ ನೀರೂ ಇಲ್ಲದೆ ಕುಳಿತಿದ್ದ ದೃಶ್ಯವು ಆಕೆಯ ಮನಸ್ಸಿನಿಂದ ಕಡೆಯವರೆಗೂ ಮಾಸಲಿಲ್ಲ.

ಇಂಗ್ಲೆಂಡಿಗೆ ಮರಳಿ 1901ರ ಜೂನ್‌ನಲ್ಲಿ ತಾನು ಕಂಡುದನ್ನೆಲ್ಲ ವರದಿಯಾಗಿ ಪ್ರಕಟಿಸಿದಳು. ವಿರೋಧಪಕ್ಷದ ನಾಯಕ ಕ್ಯಾಂಬೆಲ್ ಬ್ಯಾನರ್‌ಮನ್ ಆಕೆಯ ಮಾತನ್ನು ಕೇಳಿ, ಇಂತಹ ಯುದ್ಧವಿಧಾನವು ಬರ್ಬರವೆಂದು ಬಹಿರಂಗವಾಗಿ ಖಂಡಿಸಿದನು. ಆದರೆ ಅನೇಕ ಪತ್ರಿಕೆಗಳು ಆಕೆಯನ್ನು ದೇಶದ್ರೋಹಿಯೆಂದು ಜರೆದುವು; ಸಭೆಗಳಲ್ಲಿ ಜನ ಕೂಗಾಡಿ ಮಾತನ್ನು ತಡೆದರು. ಸರ್ಕಾರವು ಮಿಲಿಸೆಂಟ್ ಫಾಸೆಟ್ ಎಂಬ ಮಹಿಳೆಯ ನೇತೃತ್ವದಲ್ಲಿ ವಿಚಾರಣಾ ಸಮಿತಿಯನ್ನು ನೇಮಿಸಿತಾದರೂ ಎಮಿಲಿಗೆ ಅದರಲ್ಲಿ ಸ್ಥಾನ ಕೊಡಲಿಲ್ಲ. ಅಕ್ಟೋಬರ್‌ನಲ್ಲಿ ಆಕೆ ಪುನಃ ಕೇಪ್‌ಟೌನಿಗೆ ಹೋದಾಗ ದಡಕ್ಕೆ ಕಾಲಿಡಗೊಡದೆ, ಸಿಪಾಯಿಗಳಿಂದ ಎತ್ತಿಸಿ ಬೇರೆ ಹಡಗಿನಲ್ಲಿ ಹಿಂದಕ್ಕೆ ಅಟ್ಟಿದರು.

ಆದರೂ ಸತ್ಯವು ತನ್ನ ಕೆಲಸವನ್ನು ಮಾಡಿತ್ತು. ಫಾಸೆಟ್ ಸಮಿತಿಯು ಆಕೆ ಹೇಳಿದ್ದನ್ನು ಬಹುಪಾಲು ಸಮರ್ಥಿಸಿತು. 1901ರ ಅಕ್ಟೋಬರ್‌ನಲ್ಲಿ ಶಿಬಿರಗಳ ಸಾವಿನ ಪ್ರಮಾಣವು ವರ್ಷಕ್ಕೆ ಸಾವಿರಕ್ಕೆ 344ರಂತೆ ಇದ್ದುದು, ವ್ಯವಸ್ಥೆ ಸುಧಾರಿಸಿದ ಮೇಲೆ 1902ರ ಫೆಬ್ರವರಿಯಲ್ಲಿ 69ಕ್ಕೆ ಇಳಿಯಿತು. ಆದರೆ 1902ರ ಮೇ 31ರಂದು ಸಂಧಿಯಾಗುವ ಹೊತ್ತಿಗೆ ಸುಮಾರು 28,000 ಬೋಯರರು ಶಿಬಿರಗಳಲ್ಲಿ ಸತ್ತಿದ್ದರು. ಅವರಲ್ಲಿ 22,000ಕ್ಕೂ ಹೆಚ್ಚು ಮಂದಿ ಮಕ್ಕಳು. ಕರಿಯ ಜನರಿಗಾಗಿ ಬೇರೆಯಾಗಿದ್ದ ಶಿಬಿರಗಳಲ್ಲಿ ದಾಖಲೆಗೆ ಸಿಕ್ಕ ಸಾವುಗಳೇ 14,000ಕ್ಕೆ ಮಿಕ್ಕಿವೆ. ಈ ಶಿಬಿರಗಳನ್ನು ಯಾರಾದರೂ ನೋಡಬೇಕೆಂದು ಎಮಿಲಿ ಕೇಳಿದ್ದಳೇ ಹೊರತು, ತಾನೇ ಒಳಹೊಕ್ಕು ನೋಡಲಿಲ್ಲ. ಆಕೆಯ ಸೇವೆಯಲ್ಲಿದ್ದ ಈ ಕೊರತೆಯನ್ನು ನಾವು ಮುಚ್ಚಿಡಬಾರದು.

ಶಾಂತಿಯಾದೊಡನೆ ತನ್ನ ಕೆಲಸ ಮುಗಿಯಿತೆಂದು ಆಕೆ ಭಾವಿಸಲಿಲ್ಲ. 1903ರಲ್ಲಿ ಪಾಳುಬಿದ್ದ ಹೊಲಗಳನ್ನು ಕಂಡು ನೇಗಿಲಿಗಾಗಿ, ಎತ್ತುಗಳಿಗಾಗಿ ಹಣ ಕೂಡಿಸಿದಳು. 1905ರಲ್ಲಿ ಫಿಲಿಪಾಲಿಸ್ ಎಂಬಲ್ಲಿ ಬೋಯರ್ ಹುಡುಗಿಯರಿಗೆ ನೂಲುವ, ನೇಯುವ ಶಾಲೆಯನ್ನು ತೆರೆದಳು. ಅದು ಬೆಳೆದು ಇಂತಹ ಹಲವು ಶಾಲೆಗಳಾದುವು. 1913ರ ಡಿಸೆಂಬರ್ 16ರಂದು ಬ್ಲೂಮ್‌ಫಾಂಟೇನಿನಲ್ಲಿ ಶಿಬಿರಗಳಲ್ಲಿ ಮಡಿದವರ ಸ್ಮಾರಕವು ಉದ್ಘಾಟನೆಯಾದಾಗ, ಅನಾರೋಗ್ಯದಿಂದ ಆಕೆ ದಾರಿಯಲ್ಲಿಯೇ ನಿಲ್ಲಬೇಕಾಯಿತು. ಭಾಷಣವನ್ನು ಬೇರೆಯವರು ಓದಿದರು. ತಮ್ಮದಲ್ಲದ ಜಗಳದಲ್ಲಿ ಸತ್ತ ಸಾವಿರಾರು ಕರಿಯರನ್ನೂ ಆ ದಿನ ನೆನೆಯುವುದು ನ್ಯಾಯವೆಂದು ಅದರಲ್ಲಿ ಬೋಯರರಿಗೆ ಜ್ಞಾಪಿಸಿದ್ದಳು. ಸ್ಪ್ರಿಂಗ್‌ಫಾಂಟೇನಿನ ಆ ತಾಯಿ ಮಕ್ಕಳೇ ಸ್ಮಾರಕದ ಶಿಲ್ಪಕ್ಕೆ ಮಾದರಿಯಾಗಿದ್ದರು.

ಆಕೆಯ ಉಪಕಾರವು ಭಾರತೀಯರ ಮೇಲೂ ಇದೆ. ಬೋಯರ್ ಯುದ್ಧದಲ್ಲಿ ಗಾಂಧೀಜಿ ಬ್ರಿಟಿಷರ ಕಡೆಯ ಗಾಯಾಳುಗಳ ಶುಶ್ರೂಷೆಗೆ ಭಾರತೀಯರ ತಂಡವನ್ನು ಕಟ್ಟಿದ್ದರು. 1914ರ ಆದಿಯಲ್ಲಿ ಅದೇ ಗಾಂಧೀಜಿಯವರ ಸತ್ಯಾಗ್ರಹವು ಜನರಲ್ ಸ್ಮಟ್ಸನ ಮುಂದೆ ಇತ್ಯರ್ಥಕ್ಕೆ ಬಂದಿದ್ದಾಗ, ಸ್ಮಟ್ಸನ ಗೌರವಕ್ಕೆ ಪಾತ್ರಳಾಗಿದ್ದ ಎಮಿಲಿ ಭಾರತೀಯರ ಪರವಾಗಿ ಅವನಿಗೆ ಬರೆದು ರಾಜಿಗೆ ದಾರಿಮಾಡಿದಳು.

ಅದೇ ವರ್ಷ ಮೊದಲನೆಯ ಮಹಾಯುದ್ಧ ಹೊತ್ತಿಕೊಂಡಿತು. ಜರ್ಮನಿ, ಆಸ್ಟ್ರಿಯಾ ದೇಶಗಳ ಹೆಂಗಸರಿಗೆ ಶಾಂತಿ ಕೋರಿ ಆಕೆ ಬರೆದ ಕ್ರಿಸ್ಮಸ್ ಪತ್ರಕ್ಕೆ 101 ಬ್ರಿಟಿಷ್ ಮಹಿಳೆಯರು ಸಹಿ ಹಾಕಿದರು. 1916ರಲ್ಲಿ ಯುದ್ಧ ನಡೆಯುತ್ತಿರುವಾಗಲೇ ಬರ್ಲಿನ್ನಿಗೆ ಹೋಗಿ ಜರ್ಮನಿಯ ವಿದೇಶಾಂಗ ಸಚಿವನೊಡನೆ ಮಾತನಾಡಿ ಬಂದಳು. ಫಲ ದೊರೆಯಲಿಲ್ಲ, ನಿಂದೆ ಮಾತ್ರ ದೊರೆಯಿತು. ಯುದ್ಧಾನಂತರ ಲೈಪ್‌ಜಿಗ್ ನಗರದ ಹಸಿದ ಮಕ್ಕಳಿಗೆ ಊಟ ಹಾಕಿಸುವ ಹೊಣೆ ಹೊತ್ತಳು. ಮುಪ್ಪಿನಲ್ಲಿ ಆಕೆಗೊಂದು ಮನೆ ಕೊಡಿಸಲು ದಕ್ಷಿಣ ಆಫ್ರಿಕದ ಜನ 2,300 ಪೌಂಡು ಕೂಡಿಸಿ ಕಳುಹಿಸಿದರು.

1926ರ ಜೂನ್ 8ರಂದು ಲಂಡನ್ನಿನಲ್ಲಿ ಎಮಿಲಿ ಕಣ್ಣುಮುಚ್ಚಿದಳು. ಗಾಂಧೀಜಿ ‘ಯಂಗ್ ಇಂಡಿಯಾ’ದಲ್ಲಿ ಆಕೆಯನ್ನು ನೆನೆದು ಬರೆದರು. ಆಕೆಯ ಚಿತಾಭಸ್ಮವನ್ನು ಸಮುದ್ರದಾಚೆಗೆ ಕೊಂಡೊಯ್ದು ಬ್ಲೂಮ್‌ಫಾಂಟೇನಿನ ಸ್ಮಾರಕದ ಬುಡದಲ್ಲಿ ಇರಿಸಿದರು.

ಆಕೆ ಯುದ್ಧವನ್ನು ನಿಲ್ಲಿಸಲಿಲ್ಲವೆಂಬುದು ನಿಜ. ಆದರೆ ತನ್ನ ಸರ್ಕಾರವು ಮರೆಮಾಡಿದ್ದನ್ನು ಕಣ್ಣಾರೆ ಕಂಡು, ಎಣಿಸಿ, ತನ್ನ ಜನರ ಮುಂದಿಟ್ಟಳು. ಅದರಿಂದ ಎಷ್ಟೋ ಮಕ್ಕಳು ಬದುಕಿ ಉಳಿದರು. ದೂರದ ನಾಡುಗಳ ಮೇಲೆ ವರ್ಷಗಟ್ಟಲೆ ಸೈನ್ಯ ನಡೆಸುವ ಬಲಿಷ್ಠ ರಾಷ್ಟ್ರಗಳು ಇಂದಿಗೂ ಉಂಟು. ಆ ರಾಷ್ಟ್ರಗಳಲ್ಲಿ ಒಬ್ಬ ಎಮಿಲಿ ಇದ್ದಾಳೆಯೇ, ಅವಳ ಮಾತಿಗೆ ಕಿವಿಗೊಡುವವರಿದ್ದಾರೆಯೇ ಎಂದು ವಿದ್ಯಾವಂತರಾದ ನಾವು ಕೇಳಿಕೊಳ್ಳಬೇಕು. ತನ್ನ ನಾಡು ತಪ್ಪು ಮಾಡಿದಾಗ ತಪ್ಪೆಂದು ಹೇಳುವವರೂ ನಾಡನ್ನು ಪ್ರೀತಿಸುವವರೇ ಎಂಬ ಪಾಠ ಈ ಬಾಳಿನಿಂದ ನಮಗೆ ದೊರೆತರೆ ಅದು ಸಣ್ಣ ಲಾಭವಲ್ಲ.